ಬುಡದಿಂದ ಎರಡಡಿ

ಫೆಬ್ರವರಿ 18, ಬೆಳಿಗ್ಗೆ 7

ಒಣಗಿದ ಟೊಮೇಟೊ ಗಿಡಗಳನ್ನೆಲ್ಲ ಕಿತ್ತಾಯಿತು. ಮೂಲಂಗಿ ಬೀಜ ಒಂದು ಸಾಲು. ಚಳಿ ಬಿಟ್ಟಿದೆ, ಗುದ್ದಲಿ ಹಾಕಿದರೆ ಮಣ್ಣು ಒಡೆಯುತ್ತಿದೆ. ಗುಲಾಬಿ ಇನ್ನೂ ಮುಟ್ಟಿಲ್ಲ. ನೀರಿನ ಪೈಪು ಎರಡು ಕಡೆ ಸೀಳಿದೆ. ಹಿತ್ತಲಿಗೆ ನಾನೊಬ್ಬಳೇ, ಕೈ ಎರಡೇ.

ಅಣ್ಣ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಸ್ಟ್ರೋಕ್ ಆಗಿ ಐದು ತಿಂಗಳು, ನನ್ನ ಮನೆಗೆ ಬಂದು ನಾಲ್ಕು. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಬಲಗೈಗೆ ಈಗ ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಬೇಕು. ಕೈಗೆ ಕೆಲಸ ಕೊಡಿ, ಇಲ್ಲದಿದ್ದರೆ ಅದು ಕೆಲಸವನ್ನೇ ಮರೆಯುತ್ತದೆ ಅಂತ ಫಿಸಿಯೋ ಹೇಳಿದ್ದಾಳೆ. ರಬ್ಬರ್ ಚೆಂಡು ನೂರು ಸಲ ಹಿಸುಕಬೇಕು. ಇವನು ನಾಲ್ಕು ಸಲ ಹಿಸುಕಿ ಸೋಫಾ ಕೆಳಗೆ ಉರುಳಿಸುತ್ತಾನೆ. "ನಾನೇನು ನಾಯಿಮರೀನಾ, ಚೆಂಡಾಟ ಆಡೋಕೆ?"

ನಾಳೆಯಿಂದ ಹಿತ್ತಲ ಕೆಲಸ ಚೀಟಿಯಲ್ಲಿ ಬರೆದಿಟ್ಟು ಪ್ರೆಸ್ಸಿಗೆ ಹೋಗ್ತೀನಿ ಅಂದೆ. ಮುಖ ಅರಳಿತು. "ಆರ್ಡರ್ ಬರಲಿ, ಮೇಡಂ."

ಫೆಬ್ರವರಿ 21, ಸಂಜೆ 6

ಪೆನ್ನು ಎರಡು ಸಲ ಹಾಳೆ ಹರಿದಿದೆ. ಸಿಟ್ಟಿಗೆ.

ದ್ರಾಕ್ಷಿ ಬಳ್ಳಿ ಇಲ್ಲ!

ಹನ್ನೊಂದು ವರ್ಷದ ಬಳ್ಳಿ. ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟಿದ್ದೆ. ಚಪ್ಪರ ನಾನೇ ಕಟ್ಟಿದ್ದು. ಹೋದ ವರ್ಷ, ಮೊಟ್ಟಮೊದಲ ಸಲ, ಹತ್ತೊಂಬತ್ತು ಗೊಂಚಲು. ಪ್ರೆಸ್ಸಿನಿಂದ ಬಂದು ನೋಡಿದರೆ ಚಪ್ಪರ ಬೋಳು. ನೆಲದಿಂದ ಎರಡಡಿ ಮೋಟು. ಕತ್ತರಿಸಿದ ಜಾಗದಿಂದ ನೀರು ತೊಟ್ಟಿಕ್ಕುತ್ತಿದೆ. ಪಕ್ಕದಲ್ಲೇ ಅಳತೆ ಟೇಪು. ಅಳೆದು ಕತ್ತರಿಸಿದ್ದಾನೆ, ಪುಣ್ಯಾತ್ಮ!

"ನೋಡು, ಬಲಗೈಲೇ ಮಾಡಿದೆ," ಅಂದ ನಗುನಗುತ್ತಾ. "ಮೂರು ಗಂಟೆ ಹಿಡೀತು. ಕರೆಕ್ಟಾಗಿ ಎರಡಡಿ."

"ಕತ್ತರಿಸು ಅಂತ ಯಾರು ಹೇಳಿದ್ರು?"

"ನೀನೇ ಬರ್ದಿದ್ದೆಯಲ್ಲ."

"ಬಳ್ಳಿಗೆ ಸುಣ್ಣ ಸವರು ಅಂತ ಬರ್ದಿದ್ದೆ! ಇರುವೆ ಹತ್ತಬಾರದು ಅಂತ, ಬುಡದಿಂದ ಎರಡಡಿ! ಬಕೆಟ್ಟಲ್ಲಿ ಸುಣ್ಣ ಕಲಸಿಟ್ಟಿದ್ದು ಯಾರ ಮುಖಕ್ಕೆ ಬಳಿಯೋಕೆ?"

"ಅದು ಕಾಂಪೌಂಡ್ ಗೋಡೆಗೆ ಅಂದ್ಕೊಂಡೆ ಕಣೆ…"

ಗೋಡೆಗಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮೂವತ್ತೊಂದು ವರ್ಷದಿಂದ ಪ್ರೂಫ್ ನೋಡುವವಳು ನಾನು. ಅಲ್ಪವಿರಾಮ ತಪ್ಪಿದರೂ ಹಿಡಿಯುವವಳು. ನಾನು ಬರೆದದ್ದು ನನಗೆ ಗೊತ್ತಿಲ್ಲವೇ? ಕೊನೆಗೆ ಅಂದೆ — "ಕೈ ಹೋಯ್ತು, ಸರಿ. ಈಗ ಓದೋಕೂ ಬರಲ್ವಾ?"

ಅಣ್ಣ ಟೇಪು ಸುತ್ತಿಟ್ಟು ಒಳಗೆ ಹೋದ. ಹೋಗಲಿ.

ಫೆಬ್ರವರಿ 22

ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಇಣುಕಿದಳು. "ಬೈಬೇಡ್ರೀ, ಪಾಪ, ಹುಷಾರಿಲ್ಲದೋರು." ಪಾಪ ಅಂತೆ! ಹನ್ನೊಂದು ವರ್ಷ ನೀರು ಹೊತ್ತವಳು ಪಾಪ ಅಲ್ಲ. ಕತ್ತರಿ ಹಾಕಿದವನು ಪಾಪ. ಹೋದ ವರ್ಷ ನನ್ನದೇ ಎರಡು ಗೊಂಚಲು ತಿಂದ ಬಾಯಿ ಆಕೆಯದು.

ಒಪ್ಪುತ್ತೇನೆ, ಸವರು ಅನ್ನುವ ಪದಕ್ಕೆ ಎರಡು ಅರ್ಥ. ಬೆಣ್ಣೆ ಸವರು ಅಂದರೆ ಬಳಿ. ಬೇಲಿ ಸವರು ಅಂದರೆ ಕತ್ತರಿಸು. ಅದಕ್ಕೇ ಅಲ್ಲವೇ ವಿಭಕ್ತಿ ಇರುವುದು? ಬಳ್ಳಿಗೆ ಸವರು ಅಂದಮೇಲೆ ಬಳಿಯುವುದೇ! ನಡುವೆ ಅಷ್ಟು ದೊಡ್ಡ 'ಗೆ' ಕೂತಿದೆ. ಕಣ್ಣಿಗೆ ಕಾಣುವುದಿಲ್ಲವೇ?

ಚೀಟಿ ತೋರಿಸು ಅಂದೆ. ಎಲ್ಲೋ ಬಿದ್ದುಹೋಯ್ತು ಅಂದ. ಬೀಳದೆ ಇನ್ನೇನು!

ಫೆಬ್ರವರಿ 27

ಆಲೂಗಡ್ಡೆ ನೆಟ್ಟೆ. ಒಬ್ಬಳೇ. ಅಣ್ಣ ಹಿತ್ತಲ ಬಾಗಿಲ ಕಡೆ ತಲೆ ಹಾಕುವುದಿಲ್ಲ. ಪೇಪರ್ ಮಡಿಸಿದ್ದು ಮಡಿಸಿದ ಹಾಗೇ ಇರುತ್ತದೆ. ಬಲಗೈ ಸದಾ ಜೇಬಿನಲ್ಲಿ. ಮುನಿಸು ನೋಡಿ, ಬಳ್ಳಿ ಹೋದದ್ದು ಇವನದೇ ಅನ್ನೋ ಹಾಗೆ.

ಫಿಸಿಯೋ ನನ್ನ ಮೇಲೇ ರೇಗಿದಳು. "ಏನ್ ಮಾಡಿದ್ರಿ ಇವರಿಗೆ? ಕೈ ಒಂದು ತಿಂಗಳು ಹಿಂದಕ್ಕೆ ಹೋಗಿದೆ." ನಾನು ಮಾಡಿದ್ದಂತೆ! ಚಹಾ ಸೋಸುತ್ತಾ ಒಳಗೇ ಕುದಿಯುತ್ತಿದ್ದೆ. ಆಗ ಕೇಳಿಸಿತು, ಅಣ್ಣ ದನಿ ತಗ್ಗಿಸಿ ಕೇಳುತ್ತಿದ್ದ.

"ಅಲ್ಲಮ್ಮ, ಈ ಕಾಯಿಲೇಲಿ… ಇಲ್ಲದ್ದು ಇದೆ ಅಂತ, ಇದ್ದದ್ದು ಇಲ್ಲ ಅಂತ… ಓದಿದ್ದು ಹಾಗೆ ತಪ್ಪಾಗುತ್ತಾ?"

"ಕೆಲವರಿಗೆ ಆಗುತ್ತೆ, ಅಂಕಲ್."

ಇವನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಆದರೆ ಕಸ ಹಾಕಲು ಹಿತ್ತಲಿಗೆ ಹೋದೆ, ಮೋಟು ಇನ್ನೂ ತೊಟ್ಟಿಕ್ಕುತ್ತಿತ್ತು. ಮತ್ತೆ ಪಿತ್ತ ನೆತ್ತಿಗೇರಿತು.

ಮಾರ್ಚ್ 9, ಮಧ್ಯಾಹ್ನ 3

ಇದನ್ನು ಬರೆಯಲೇಬೇಕು. ನಾಚಿಕೆಗೆಟ್ಟವಳು ನಾನು.

ಪೈಪಿನ ಕ್ಲಿಪ್ ಬಿಗಿ ಮಾಡಲು ಸಣ್ಣ ಸ್ಕ್ರೂಡ್ರೈವರ್ ಬೇಕಿತ್ತು. ಅಣ್ಣ ಸ್ನಾನಕ್ಕೆ ಹೋಗಿದ್ದ. ಅವನ ವಾಚ್ ರಿಪೇರಿ ಡಬ್ಬಿ ತೆಗೆದೆ. ಸ್ಪ್ರಿಂಗುಗಳ ಕೆಳಗೆ, ನಾಲ್ಕಾಗಿ ಮಡಿಸಿದ ಚೀಟಿ. ನನ್ನದೇ ಅಕ್ಷರ, ನನ್ನದೇ ಕೆಂಪು ಪೆನ್ನು.

"ದ್ರಾಕ್ಷಿ ಬಳ್ಳಿ ಬುಡದಿಂದ ಎರಡಡಿ ಸವರು."

ಸುಣ್ಣ ಇಲ್ಲ. 'ಗೆ' ಇಲ್ಲ.

ಮತ್ತೆ ಓದಿದೆ. ಬೆಳಕಿಗೆ ಹಿಡಿದು ಓದಿದೆ. ಇಲ್ಲ! ಊರವರ ತಪ್ಪಿಗೆಲ್ಲ ಕೆಂಪು ಗೀಟು ಎಳೆಯುವ ಮಹರಾಯಿತಿ, ಸ್ವಂತ ಒಂದು ಸಾಲಿನಲ್ಲಿ ಎರಡು ತಪ್ಪು.

ಕೆಳಗೆ ಅಣ್ಣ ಅದೇ ಸಾಲನ್ನು ನಕಲು ಮಾಡಿದ್ದಾನೆ. ಬಲಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ಸೊಟ್ಟಸೊಟ್ಟ. ಎಂಟು ಸಲ. ಒಂದೊಂದು ಅಕ್ಷರದ ಕೆಳಗೂ ಚುಕ್ಕೆ ಇಟ್ಟು ಎಣಿಸಿದ್ದಾನೆ. ಕೊನೆಯಲ್ಲಿ — "ಇದರಲ್ಲಿ ಸುಣ್ಣ ಎಲ್ಲಿದೆ?"

ನನ್ನನ್ನು ಕೇಳಲಿಲ್ಲ. ಚೀಟಿಯನ್ನು ಕೇಳಿದ್ದಾನೆ. ನನ್ನ ಮಾತು ನಂಬಿ, ತನ್ನ ಕಣ್ಣನ್ನೇ ನಂಬದೆ ಹೋದ.

ಥೂ, ನನ್ನ ನಾಲಿಗೆಗಿಷ್ಟು.

ಅದೇ ದಿನ, 5 ಗಂಟೆ

ಹೇಳಿದೆ. ಚೀಟಿ ಮುಂದಿಟ್ಟು, ನಿಂತುಕೊಂಡೇ.

ಸಾಲಿನ ಕೆಳಗೆ ಬೆರಳಿಟ್ಟು ಮತ್ತೆ ಓದಿದ. "ಹಾಗಾದ್ರೆ ನಾನು ಸರಿಯಾಗೇ ಓದಿದ್ನಾ?"

"ಸರಿಯಾಗೇ ಓದಿದ್ದೆ. ನಾನು ತಪ್ಪಾಗಿ ಬರ್ದಿದ್ದೆ."

"ಓದೋಕೆ ಬರುತ್ತೆ ನಂಗೆ?"

"ಬರುತ್ತೆ ಅಣ್ಣ."

ಅಳುತ್ತಾನೆ ಅಂದುಕೊಂಡೆ. ಎಲ್ಲಿ! ಮುಖ ಕೆಂಪಾಯಿತು. "ಹದಿನಾರು ದಿನ! ಹದಿನಾರು ದಿನ ತಲೆ ಕೆಟ್ಟಿದೆ ಅಂದ್ಕೊಂಡು ಕೂತಿದ್ದೀನಿ! ಪ್ರೂಫ್ ನೋಡ್ತಾಳಂತೆ, ಪ್ರೂಫು! ನಿನ್ನ ಪ್ರೆಸ್ಸಿಗಿಷ್ಟು ಬೆಂಕಿ ಹಾಕ!" ಅಂತ ಕೈಗೆ ಸಿಕ್ಕಿದ ರಬ್ಬರ್ ಚೆಂಡು ಬೀಸಿ ಒಗೆದ. ನನ್ನ ಕಿವಿ ಪಕ್ಕದಲ್ಲಿ ಹೋಗಿ ಕ್ಯಾಲೆಂಡರಿಗೆ ಬಡಿಯಿತು.

ಬಲಗೈಯಲ್ಲಿ ಒಗೆದಿದ್ದ. ಇಬ್ಬರೂ ಆ ಕೈಯನ್ನೇ ನೋಡಿದೆವು.

"ಇನ್ನೊಂದ್ಸಲ ಒಗಿ," ಅಂದೆ.

"ಬಿಡ್ತೀನಾ?" ಅಂದ.

ಮಾರ್ಚ್ 12, ಬೆಳಿಗ್ಗೆ 8

ರಜೆ. ಮೋಟಿನಿಂದ ನೀರು ನಿಂತಿದೆ. ಬದುಕುತ್ತದೋ ಇಲ್ಲವೋ ತಿಳಿಯದು.

ಹೊಸ ಚೀಟಿ ಬರೆದೆ. "ಮೂರು ಗುಲಾಬಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸು." ಕತ್ತರಿಸು ಅಂತಲೇ. ಅಣ್ಣ ನನ್ನ ಕೆಂಪು ಪೆನ್ನು ಕಿತ್ತುಕೊಂಡು, ಒಂದೊಂದೇ ಅಕ್ಷರ ನೋಡಿ, ಕೆಳಗೆ 'ತಪ್ಪಿಲ್ಲ' ಅಂತ ಬರೆದು ಸಹಿ ಹಾಕಿದ. ಎಷ್ಟು ಜಂಬ! "ಇನ್ಮೇಲೆ ನನ್ನ ಸಹಿ ಇಲ್ದೆ ಈ ಮನೇಲಿ ಚೀಟಿ ಅಂಟಿಸೋ ಹಾಗಿಲ್ಲ," ಅಂತ ಬೇರೆ.

ಕಿಟಕಿ ಹತ್ತಿರ ಕೂತು ಬರೆಯುತ್ತಿದ್ದೇನೆ. ಕಚ್… ಕಚ್… ಕೇಳಿಸುತ್ತಿದೆ. ಒಂದು ಗಿಡ ಆಯಿತು. ಎರಡು. ಮೂರು.

ಮತ್ತೆ ಕಚ್.

ನಾಲ್ಕನೆಯದು ಗುಲಾಬಿ ಅಲ್ಲ. ನನ್ನ ಮಲ್ಲಿಗೆ! ಕೂಗಲು ಎದ್ದೆ. ನೋಡಿದರೆ ಎಡಗೈ ಸೊಂಟದ ಮೇಲೆ, ಕತ್ತರಿ ಪೂರ್ತಿ ಬಲಗೈಯಲ್ಲಿ, ಬಾಯಲ್ಲಿ ಏನೋ ಹಾಡು.

ಕೂತುಕೊಂಡೆ. ಕತ್ತರಿಸಲಿ. ಮಲ್ಲಿಗೆ ಹೋದರೆ ಇನ್ನೊಂದು ನೆಟ್ಟರಾಯಿತು. ಬೇಕಾದರೆ ಇಡೀ ಹಿತ್ತಲು ಎರಡಡಿಗೆ… ಅಯ್ಯೋ, ಈಗ ನಿಂಬೆ ಗಿಡದ ಕಡೆ ತಿರುಗಿದ, ಟೇಪು ಬೇರೆ ತೆಗೀತಿದ್ದಾನೆ, ಅದೊಂದು ಮಾತ್ರ —