ಆರನೇ ಟೇಬಲ್

ಮಾಟುಂಗ, ಮಂಗಳವಾರ

ಧಣಿಗಳಿಗೆ ಹೋಟೆಲಿನ ಗಲ್ಲಾದಲ್ಲಿ ಕೂರುವ ಮನೀಶನ ನಮಸ್ಕಾರ.

ನಿನ್ನೆ ಮಧ್ಯಾಹ್ನ ಆರನೇ ಟೇಬಲಿನ ಗಿರಾಕಿಯ ಮೇಲೆ ಸಾಂಬಾರು ಚೆಲ್ಲಿದ್ದಕ್ಕೆ ಸಪ್ಲಾಯರ್ ಶೀನಣ್ಣನನ್ನು ಊರಿಗೆ ಕಳಿಸುವುದಾಗಿ ಫೋನಿನಲ್ಲಿ ಹೇಳಿದಿರಿ. ಅದಕ್ಕೆ ಮೊದಲು ಇದನ್ನು ಓದಿ.

ಅವರಿಗೆ ಗ್ಲಾಕೋಮಾ. ಮೂರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ತಿಂಡಿಯ ಗದ್ದಲ ಮುಗಿದ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರಲ್ಲ, ತೂಕಡಿಕೆ ಎಂದು ನಾವು ನಗುತ್ತಿದ್ದೆವು. ಅದು ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವ ಹೊತ್ತು.

"ಎದುರಿನದ್ದು ಕಾಣ್ತದೆ ಮಾರಾಯ, ಬದಿಯದ್ದು ಇಲ್ಲ. ಟೇಬಲ್ ಎಲ್ಲಿ ಉಂಟು ಅಂತ ಕಾಲಿಗೆ ಗೊತ್ತುಂಟು," ಎಂದರು ನಿನ್ನೆ.

ದಿನವೂ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅವರು ಪ್ರತಿ ಟೇಬಲನ್ನೂ ಮುಟ್ಟಿ ಒಂದು ಸುತ್ತು ಬರುತ್ತಾರೆ. ಭಕ್ತಿ ಎಂದುಕೊಂಡಿದ್ದೆ. ಆ ಒಂದು ಸುತ್ತಿನ ಬಲದ ಮೇಲೆ, ತೋಳಿನುದ್ದಕ್ಕೆ ನಾಲ್ಕು ದೋಸೆ ತಟ್ಟೆ ಜೋಡಿಸಿಕೊಂಡು ಮಧ್ಯಾಹ್ನದ ರಶ್ಶಿನಲ್ಲಿ ಓಡಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇಷ್ಟು ದಿನ ಒಂದು ಚಮಚವೂ ಬಿದ್ದಿರಲಿಲ್ಲ.

ದಯವಿಟ್ಟು ಅವರನ್ನು ಉಳಿಸಿಕೊಳ್ಳಿ. ಅಡುಗೆಮನೆಯ ಮೆಟ್ಟಿಲು ಕತ್ತಲು, ಅಲ್ಲಿಗೆ ಒಂದು ಬಲ್ಬ್ ಹಾಕಿಸಿ.

ಇನ್ನೊಂದು ವಿಷಯ. ನಿನ್ನೆ ಹನ್ನೊಂದಕ್ಕೆ, ಹಿಂದಿನ ಪ್ಲಗ್ಗಿಗೆ ಫೋನ್ ಚಾರ್ಜರ್ ಚುಚ್ಚಲು ಆರನೇ ಟೇಬಲನ್ನು ಒಂದು ಗೇಣು ಈಚೆಗೆ ಎಳೆದವನು ನಾನು. ಶೀನಣ್ಣನಿಗೆ ಅದು ಗೊತ್ತು. ಅವರು ನಿಮಗೆ ಹೇಳಲಿಲ್ಲ, ಅಷ್ಟೆ.

ನಿಮ್ಮ
ಮನೀಶ