ವರದಿಯ ಕೊನೆಯ ಸಾಲು

ಸ್ಫಾಕ್ಸ್
೧೧ ನವೆಂಬರ್, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಅಜ್ಜಿಯ ಮಂಡಿನೋವು ಇಳಿಯಿತೇ? ನೀನು ದ್ವೀಪದಲ್ಲಿ ಕೂತು ಆಕ್ಟೋಪಸ್ ಹಿಡಿಯುವ ಗಡಿಗೆಗಳಿಗೆ ಹಗ್ಗ ಕಟ್ಟುತ್ತಿದ್ದೀಯೆಂದು ಅಮ್ಮ ಹೇಳಿದಳು. ಹದಿನೆಂಟು ವರ್ಷ ಎಕ್ಸ್‌ರೇ ಓದಿದವನು ಹಾಕಿದ ಗಂಟು ಎಷ್ಟು ದಿನ ನಿಂತೀತೋ! ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕುರ್ಚಿಯಲ್ಲಿ ಈಗ ಆಸ್ಪತ್ರೆಯ ಬೆಕ್ಕು ಮಲಗುತ್ತದೆ.

ಆ ಸೋಮವಾರದ ಮಾತು ಬರೆಯದೆ ವಿಧಿಯಿಲ್ಲ. ಒಬ್ಬ ಡಾಕ್ಟರು ಓದಿದ ಚಿತ್ರವನ್ನು ಇನ್ನೊಬ್ಬರು ಮತ್ತೆ ಓದಬೇಕು, ತಪ್ಪಿದ್ದರೆ ಹೆಸರು ಮುಚ್ಚಿ ಪರದೆಗೆ ಹಾಕಬೇಕು, ಎಲ್ಲರೂ ಕೂತು ಕಲಿಯಬೇಕು ಎಂದು ನಮ್ಮ ವಿಭಾಗದಲ್ಲಿ ಹಟ ಹಿಡಿದವಳು ನಾನು. ಹೆಸರು ಅಳಿಸಿದವಳೂ ನಾನೇ. ಆದರೆ ಫ್ರೆಂಚ್ ವರದಿಯ ಕೊನೆಗೆ, ರೋಗವೇನೂ ಕಾಣದಿದ್ದಾಗ, ಅರಬ್ಬಿಯಲ್ಲಿ 'ಅಲ್‌ಹಮ್ದುಲಿಲ್ಲಾಹ್' ಎಂದು ದೇವರಿಗೆ ವಂದಿಸುವವನು ನೀನೊಬ್ಬನೇ ಎಂಬುದು ನನಗೆ ಹೊಳೆಯಲೇ ಇಲ್ಲ. ಆ ಸಾಲು ಕಂಡದ್ದೇ ತಡ, "ಓಹೋ, ನಮ್ಮ ಶೇಖ್ ಅವರದ್ದು! ದೇವರಿಗೂ ತಪ್ಪು ವರದಿ ಕೊಟ್ಟುಬಿಟ್ರಲ್ಲಪ್ಪಾ!" ಎಂದು ನಿನ್ನ ಭಕ್ತಿಯನ್ನು ಅಣಕಿಸಿದ ಡಾಕ್ಟರ್ ಜುಹೇರ್. ಇಡೀ ಕೋಣೆ ನಕ್ಕಿತು. "ಒಡಹುಟ್ಟಿದವಳಾಗಿ ನೀನೇ ನನ್ನ ಮಾನ ಕಳೆದೆಯಲ್ಲೇ ಎಮ್ನಾ" ಎಂದು ನೀನು ಕೋಟು ಬಿಚ್ಚಿಟ್ಟು ದ್ವೀಪಕ್ಕೆ ಹೊರಟೆ. ತಪ್ಪು ನನ್ನದು ಅಣ್ಣಾ, ಕ್ಷಮಿಸು.

ಆದರೂ ಈ ಕೆಲಸವನ್ನು ನಾನು ನಿಲ್ಲಿಸುವವಳಲ್ಲ. ನೀನು ಓದಿದ ಆ ಚಿತ್ರದಲ್ಲಿ ಹೃದಯದ ನೆರಳಿನ ಹಿಂದೆ ಅಡಗಿದ್ದ ಕಲೆ ಎರಡನೆಯ ಕಣ್ಣಿಗೆ ಬಿದ್ದದ್ದರಿಂದಲೇ ಆ ಮೀನುಗಾರನನ್ನು ಮತ್ತೆ ಕರೆಸಿದೆವು. ಆಪರೇಷನ್ ಆಯಿತು. "ಹರೀಸಾ ಚಟ್ನಿ ಇಲ್ದೆ ಇದೆಂಥ ಊಟ ಕಣಮ್ಮಾ?" ಎಂದು ಈಗ ನರ್ಸ್ ಜತೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾನೆ.

ನಿನ್ನ ಸಾಲನ್ನೇ ನಿಷೇಧಿಸೋಣ ಎಂದರು ಕೆಲವರು. ಎಕ್ಸ್‌ರೇ ತೆಗೆಯುವ ಹೆದಿ ಮಾಮನಿಗೆ ಸಿಟ್ಟು ಬಂತು. "ದೇವರ ಹೆಸರು ಯಾಕ್ರೋ ಅಳಿಸ್ತೀರಾ? ಎಲ್ರೂ ಬರೀರಿ, ಯಾರದ್ದು ಅಂತ ಯಾರಿಗೆ ಗೊತ್ತಾಗತ್ತೆ!" ಈಗ ಎಲ್ಲರೂ ಬರೆಯುತ್ತೇವೆ. ಜುಹೇರನಂತೂ ಮುರಿದ ಬೆರಳಿನ ವರದಿಗೂ ಬರೆದುಬಿಟ್ಟ.

ಅಜ್ಜಿಯ ಕೈಗೆ ನನ್ನದೊಂದು ಮುತ್ತು ಕೊಡು. ಒಣಗಿಸಿದ ಆಕ್ಟೋಪಸ್ ಇದ್ದರೆ ಕಳಿಸಬೇಡ, ನೀನೇ ತಾ.

ನಿನ್ನ ತಂಗಿ,
ಎಮ್ನಾ

ಲಕೋಟೆ ಅಂಟಿಸುವ ಮುನ್ನ: ನಿನ್ನೆ ಪರದೆಗೆ ಬಂದದ್ದು ಒಂದು ಮಗುವಿನ ಮೊಣಕೈ. ಸಣ್ಣ ಬಿರುಕು ತಪ್ಪಿಹೋಗಿತ್ತು, ಕೊನೆಯಲ್ಲಿ ಅದೇ ಸಾಲು. ಯಾರದೆಂದು ಯಾರಿಗೂ ತಿಳಿಯಲಿಲ್ಲ, ಯಾರೂ ನಗಲಿಲ್ಲ. ಅದು ನನ್ನ ವರದಿ ಅಣ್ಣಾ. ಮಗುವನ್ನು ಕರೆಸಿ ಪಟ್ಟಿ ಹಾಕಿಸಿದ್ದೇನೆ. ಮುಂದಿನ ಸೋಮವಾರ ಎದ್ದು ನಿಂತು ಹೇಳಿಬಿಡುತ್ತೇನೆ. ಭಾನುವಾರದ ಹಡಗು ಹತ್ತು. ಬೆಕ್ಕನ್ನು ಎಬ್ಬಿಸಿ ನಿನ್ನ ಕುರ್ಚಿಯಲ್ಲಿ ಕೂರು. ನಗುವುದಿದ್ದರೆ ಮೊದಲು ನೀನು ನಗಬೇಕು.