ರಿಸೆಪ್ಶನ್ನಿಗೆ ಬಿಳಿ ಕೋಟು

7 ಜೂನ್ 1993, ಸೋಮವಾರ
ಇವತ್ತೂ ಹಾಗೇ. ಚೀಟಿ ಬರೆದೆ, ಫೋನ್ ಎತ್ತಿದೆ, ಕೆಮ್ಮುವವರನ್ನು ಬೇರೆ ಬೆಂಚಿಗೆ ಕಳಿಸಿದೆ. ನಮ್ಮ ಬಂದ್ಯೋಡಿನಲ್ಲಿ ಬೆಳಗ್ಗಿನಿಂದ ಕರೆಂಟ್ ಇಲ್ಲ. ಸಂಜೆ ನಮ್ಮ ನರ್ಸ್ ಜೆರ್ಟ್ರೂಡ್ ಹೇಳಿದರು — ಮಸ್ಕತ್ ವೀಸಾ ಬಂತು, ಶನಿವಾರ ಹೊರಡುವುದು. ಎಲ್ಲರಿಗೂ ಖುಷಿ. ನನಗೆ ಮಾತ್ರ ಒಂದೇ ಯೋಚನೆ. ಇವರು ಹೋದರೆ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವವರು ಯಾರು?

14 ಜೂನ್
ಹೊಸ ನರ್ಸ್ ಇಲ್ಲ. ಡಾಕ್ಟರ್ ಹರಿನಾಥರು ಜೆರ್ಟ್ರೂಡ್ ಬಿಟ್ಟುಹೋದ ಬಿಳಿ ಕೋಟನ್ನು ನನ್ನ ಮೇಜಿನ ಮೇಲಿಟ್ಟರು.
"ಹಾಕಿಕೋ ಎಮಿಲಿಯಾ. ನಾಲ್ಕು ಸಲ ನೋಡಿದರೆ ಬರ್ತದೆ."
"ಸರ್, ನಾನು ಎಂಟನೇ ಕ್ಲಾಸು. ಅದೂ ಪೂರ್ತಿ ಇಲ್ಲ."
"ಸೂಜಿಗೆ ಎಂತ ಕ್ಲಾಸು?"
ಸಂಬಳಕ್ಕೆ ಐವತ್ತು ಸೇರಿಸುತ್ತಾರಂತೆ. ಫೋನೂ ನಾನೇ, ಚೀಟಿಯೂ ನಾನೇ, ಸೂಜಿಯೂ ನಾನೇ. ಯಾರಾದರೂ ನನ್ನ ಕೈಯಲ್ಲಿ... ಬೇಡ. ಇದನ್ನೆಲ್ಲ ಬರೆಯಬಾರದು.

20 ಜೂನ್, ಭಾನುವಾರ
ಇಗರ್ಜಿಯಿಂದ ಬರುವಾಗ ಬಸ್‌ಸ್ಟಾಪಿನಲ್ಲಿ ಗೆಳತಿ ಜಲಜಾಕ್ಷಿ ಸಿಕ್ಕಿದಳು. ನಾಯ್ಮಾರ್ಮೂಲೆಯ ಡ್ರೈವಿಂಗ್ ಸ್ಕೂಲಿನಲ್ಲಿ ಅವಳೂ ರಿಸೆಪ್ಶನ್. ಫೋನ್ ಎತ್ತುವುದು, ಹೆಸರು ಬರೆಯುವುದು, ಅಷ್ಟೇ. ನನಗಿಂತ ನೂರು ಜಾಸ್ತಿ. ಸೂಜಿಯ ವಿಷಯ ಹೇಳಿದೆ.
"ನಮ್ಮ ಸರ್ ನನಗೆ ಜೀಪ್ ಓಡಿಸಲು ಹೇಳುವುದಿಲ್ಲಪ್ಪ. ನಾಳೆ ಹೆರಿಗೆ ಮಾಡಿಸುವುದೂ ನೀನೇ ಮಾರಾಯ್ತಿ!"
ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಊಟ ಸೇರಲಿಲ್ಲ.

2 ಜುಲೈ
ಪೆನಿಸಿಲಿನ್ ಕೊಡುವ ಮೊದಲು ಕೈಯ ಚರ್ಮಕ್ಕೆ ಸ್ವಲ್ಪವೇ ಚುಚ್ಚಿ, ಸುತ್ತ ಪೆನ್ನಿನಿಂದ ಉರುಟು ಗೆರೆ ಎಳೆದು ಅರ್ಧ ಗಂಟೆ ಕಾಯಬೇಕು. ಟೆಸ್ಟ್ ಡೋಸ್. ಚರ್ಮದ ಕೆಂಪು ಆ ಗೆರೆ ದಾಟಿದರೆ ಕೊಡಬಾರದು. ಡಾಕ್ಟರ್ ಕಲಿಸಿದ್ದು ಇಷ್ಟೇ.
ತೆಂಗಿನಕಾಯಿ ಕೀಳುವ ಬಟ್ಯ ಕಾಯಲು ಕೇಳಬೇಕಲ್ಲ. "ಬಸ್ಸು ಹೋಗ್ತದೆ ಸಿಸ್ಟರೇ, ಬೇಗ ಸೂಜಿ ಕುತ್ತಿ!"
ಕಾಯದೆ ಕೊಟ್ಟುಬಿಟ್ಟೆ.
ಸಂಜೆಯವರೆಗೂ ಅವನ ಮನೆಯ ಕಡೆಯಿಂದ ಯಾರಾದರೂ ಓಡಿ ಬರುತ್ತಾರಾ ಎಂದು ರಸ್ತೆ ನೋಡುವುದೇ ಆಯಿತು.

3 ಜುಲೈ
ಬಟ್ಯ ಬೀಡಿ ಸೇದುತ್ತಾ ಬಂದ. ಬದುಕಿದೆ. ನಾನು.

19 ಆಗಸ್ಟ್
ಬರೆಯದೆ ಎಷ್ಟು ದಿನವಾಯಿತು. ಈಗ ಸೂಜಿ ರೂಢಿಯಾಗಿದೆ. ರೂಢಿಯಾದದ್ದಕ್ಕೇ ಹೆದರಿಕೆ. ಅಂಗಡಿಯಲ್ಲೂ ಸಿಸ್ಟರ್ ಎನ್ನುತ್ತಾರೆ. ಅಮ್ಮ ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿದ್ದಾರೆ, ಮಗಳು ನರ್ಸ್ ಅಂತ.
"ಅಮ್ಮಾ, ನಾನು ರಿಸೆಪ್ಶನ್."
"ಕೋಟು ಹಾಕುವುದು ನೀನಾ, ನಿನ್ನ ಅಜ್ಜಿಯಾ? ಸಂಬಂಧ ಬರುವ ಹೊತ್ತು. ಬಾಯಿ ಮುಚ್ಚು."

29 ಆಗಸ್ಟ್, ಭಾನುವಾರ
ಅಣ್ಣ ಲೆಸ್ಲಿಯ ಕಾಲಿಗೆ ತಗಡು ತಾಗಿದ್ದು ಕೀವಾಗಿದೆ. ಜ್ವರ. ಡಾಕ್ಟರ್ ಮದುವೆಗೆಂದು ಮಂಗಳೂರಿಗೆ ಹೋಗಿದ್ದಾರೆ. ಕ್ಲಿನಿಕ್ಕಿನ ಕೀ ನನ್ನ ಹತ್ತಿರ. ಉಪ್ಪಳದ ಆಸ್ಪತ್ರೆಗೆ ಹೋಗೋಣ ಎಂದೆ. ಲೆಸ್ಲಿ ಒಪ್ಪಲಿಲ್ಲ.
"ಮನೆಯಲ್ಲಿ ನರ್ಸ್ ಇಟ್ಟುಕೊಂಡು ಉಪ್ಪಳಕ್ಕಾ? ಜನ ನಗ್ತಾರೆ ಎಮಿಲಿ."
ಅಮ್ಮ ಬೇರೆ: "ಊರಿಗೆಲ್ಲ ಚುಚ್ಚುತ್ತಿ. ಅಣ್ಣನಿಗೆ ಕೈ ಬರುವುದಿಲ್ಲವಾ?"
ಕ್ಲಿನಿಕ್ಕಿಗೆ ಹೋಗಿ ಪೆನಿಸಿಲಿನ್, ಸಿರಿಂಜ್ ತಂದೆ.

ಅದೇ ದಿನ, ಹನ್ನೊಂದು ಗಂಟೆ
ಟೆಸ್ಟ್ ಡೋಸ್ ಹಾಕಿದೆ. ಗೆರೆ ಎಳೆದೆ. ಈ ಸಲ ಪೂರ್ತಿ ಕಾಯುತ್ತೇನೆ. ಸುಮ್ಮನೆ ಕೂರಲು ಆಗುವುದಿಲ್ಲ, ಅದಕ್ಕೇ ಬರೆಯುವುದು.
"ವಾಚ್ ಬಿಡಿಸಿದ್ದಾ? ಮುಳ್ಳು ಎಲ್ಲಿ ಉಂಟು?" ಎಂದು ಲೆಸ್ಲಿಯ ತಮಾಷೆ.
ಈಗ ತುರಿಸುತ್ತದಂತೆ. ಸೊಳ್ಳೆ ಎನ್ನುತ್ತಾರೆ ಅಮ್ಮ.
ಸೊಳ್ಳೆ ಅಲ್ಲ. ಗೆರೆ ದಾಟಿದೆ.
ಇಂಜೆಕ್ಷನ್ ಕೊಡುವುದಿಲ್ಲ ಎಂದೆ. ಸಿರಿಂಜ್ ಎತ್ತಿಟ್ಟೆ. ಲೆಸ್ಲಿ ನಗುತ್ತಾನೆ — ನಾನು ಹೆದರುಪುಕ್ಕಲಿಯಂತೆ. ನಗಲಿ. ಕೊಡದಿದ್ದರೆ ಆಯಿತಲ್ಲ. ಟೆಸ್ಟ್ ಡೋಸ್ ಎಂದರೆ ಸ್ವಲ್ಪವೇ ಅಲ್ಲವಾ? ಸ್ವಲ್ಪದಿಂದ ಏನೂ ಆಗುವುದಿಲ್ಲ, ಅಲ್ಲವಾ? ಡಾಕ್ಟರ್ ಅದನ್ನು ಹೇಳಲೇ ಇಲ್ಲ...
ನಗು ನಿಂತಿತು. ಅವನ ತುಟಿ ಯಾಕೆ ಹೀಗೆ ಊದಿ